ಕಲೈಡೋಸ್ಕೋಪ್ ಷಟ್ಕೋನಗಳ ಕೌದಿ: ಬ್ಲಾಕ್ ಆದ ಮೇಲೆ ಜೋಡಣೆ ಹೇಗೆ?

"ಅಕ್ಕಾ, ಷಟ್ಕೋನ ಎಲ್ಲಾ ಆದ್ವು. ಒಂದೊಂದೂ ನೋಡಾಕೆ ಚಂದ ಅದಾವು. ಎಲ್ಲಾ ಕೂಡಿಸಿ ಹಾಸಿದ್ರೆ ಮಾತ್ರ ಗದ್ದಲ ಅನಿಸ್ತೈತಿ. ಏನ್ ಮಾಡ್ಲಿ?"

ಬಳ್ಳಾರಿಯಿಂದಲೂ ಇದೇ ಪ್ರಶ್ನೆ, ಸಿಂಧನೂರಿನಿಂದಲೂ ಇದೇ, ಗಂಗಾವತಿಯಿಂದಲೂ ಇದೇ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಎಲ್ಲವನ್ನೂ ಹೇಳಿಬಿಡುತ್ತೇನೆ.

ಕೌದಿ ಹೊಲಿದ ಕೈಗೆ ಚೂರು ಜೋಡಿಸುವುದು ಹೊಸದೇನಲ್ಲ. ಹಳೇ ಸೀರೆ, ಧೋತ್ರ, ಅಂಗಿ ಅಂತ ಸಿಕ್ಕಿದ್ದನ್ನು ಸಿಕ್ಕ ಹಾಗೆ ಕೂಡಿಸಿದರೂ ಕೌದಿ ಒಪ್ಪವಾಗಿ ಕಾಣುತ್ತದೆ. ಅಲ್ಲಿ ಒಂದೊಂದು ಚೂರೂ ಸಾದಾ. ಇಲ್ಲಿ ಹಾಗಲ್ಲ. ಪ್ರತಿ ಬ್ಲಾಕೂ, ಅಂದರೆ ಚೂರು ಕೂಡಿಸಿ ಹೊಲಿದ ಒಂದೊಂದು ಷಟ್ಕೋನವೂ, ತನ್ನ ನಡುವಿಗೆ ಕಣ್ಣನ್ನು ಎಳೆಯುತ್ತದೆ. ನೂರು ಬ್ಲಾಕ್ ಒಟ್ಟಿಗೆ ಎಳೆದರೆ ಗದ್ದಲ ಆಗದೆ ಇನ್ನೇನಾಗುತ್ತದೆ? ನನ್ನ ಸಲಹೆಯ ತಿರುಳು ಇಷ್ಟೇ: ಜೋಡಿಸುವಾಗ ಬ್ಲಾಕಿನ ನಡುವನ್ನು ನೋಡಬೇಡಿ, ಅಂಚನ್ನು ನೋಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಯಾವ ಬ್ಲಾಕಿನ ಮಾತು ಇದು

ದೊಡ್ಡ ಪ್ರಿಂಟಿನ ಒಂದೇ ಬಟ್ಟೆ. ಅದರಲ್ಲಿ ಅದೇ ಚಿತ್ರ ಮತ್ತೆ ಮತ್ತೆ ಬರುತ್ತದಲ್ಲ, ಆ ಒಂದು ಸುತ್ತಿಗೆ ರಿಪೀಟ್ ಅನ್ನುತ್ತಾರೆ. ಮಿಷನ್ ಪ್ರಿಂಟ್ ಬಟ್ಟೆಯಲ್ಲಿ ಇದು ಸಾಮಾನ್ಯವಾಗಿ 64 ಸೆಂ.ಮೀ. ಇರುತ್ತದೆ. ಅಚ್ಚು ಹಾಕುವ ರೋಟರಿ ಸ್ಕ್ರೀನಿನ ಸುತ್ತಳತೆಯೇ ಅಷ್ಟಿರುವುದು ಇದಕ್ಕೆ ಕಾರಣ. ಆರು ರಿಪೀಟುಗಳನ್ನು ಕತ್ತರಿಸಿ, ಚಿತ್ರದ ಮೇಲೆ ಚಿತ್ರ ಕರಾರುವಾಕ್ಕಾಗಿ ಕೂರುವಂತೆ ಪೇರಿಸಬೇಕು. ಆಮೇಲೆ 3¾ ಇಂಚಿನ ಪಟ್ಟಿಗಳು. ಪಟ್ಟಿಗಳಿಂದ 60 ಡಿಗ್ರಿಯ ತ್ರಿಕೋನಗಳು. ಒಂದೇ ಏಟಿಗೆ ಆರು ಒಂದೇ ತರದ ತ್ರಿಕೋನ ಸಿಗುತ್ತವೆ. ಆರನ್ನೂ ಸುತ್ತ ಕೂಡಿಸಿದರೆ ಷಟ್ಕೋನ. ಅಮೆರಿಕದ ಕ್ವಿಲ್ಟ್ ಹೊಲಿಯುವವರು ಈ ಬಗೆಗೆ ಒನ್ ಬ್ಲಾಕ್ ವಂಡರ್ ಅನ್ನುತ್ತಾರೆ.

ಶಾಲೆಯಲ್ಲಿ ಮೂರು ಕನ್ನಡಿ ಪಟ್ಟಿ, ಬಳೆ ಚೂರು ಹಾಕಿ ಕೊಳವೆ ಮಾಡಿದ್ದು ನೆನಪಿದೆ ಅಲ್ವಾ? ನೋಟ ಹೆಚ್ಚುಕಡಿಮೆ ಹಾಗೇ. ಆದರೆ ಒಂದು ವ್ಯತ್ಯಾಸ ಇದೆ, ಜೋಡಣೆಗೆ ಅದು ಮುಖ್ಯ. ಕನ್ನಡಿಯಲ್ಲಿ ಬಿಂಬ ಎಡಬಲ ಅದಲುಬದಲಾಗುತ್ತದೆ. ನಮ್ಮ ಬ್ಲಾಕಿನಲ್ಲಿ ಆರೂ ತುಂಡು ಒಂದೇ ಮುಖದವು, ಸುಮ್ನೆ ಸುತ್ತ ತಿರುಗುತ್ತವೆ. ಅದಕ್ಕೇ ಕೆಲವು ಬ್ಲಾಕ್ ಗಿರಗಿರ ಸುತ್ತುವಂತೆ ಕಾಣುತ್ತವೆ.

ಈ ತಿರುಗುವಿಕೆಯಿಂದ ಎರಡು ಸಂಗತಿ ಹುಟ್ಟುತ್ತವೆ. ಮೊದಲನೆಯದು, ಬ್ಲಾಕನ್ನು ಒಂದು ಮೂಲೆಯಷ್ಟು ತಿರುಗಿಸಿದರೆ ನೋಟ ಒಂದಿಷ್ಟೂ ಬದಲಾಗುವುದಿಲ್ಲ. ಹಾಗಾಗಿ ಬ್ಲಾಕನ್ನು ತಿರುಗಿಸಿ ತಿರುಗಿಸಿ ನೋಡುತ್ತ ಹೊತ್ತು ಕಳೆಯಬೇಡಿ. ಎರಡನೆಯದು, ಆರೂ ಬದಿಯ ಅಂಚು ಒಂದೇ ತರ. ಒಂದು ಬದಿ ಹಸಿರಾದರೆ ಆರೂ ಹಸಿರು. ಅಂದರೆ ಪ್ರತಿ ಬ್ಲಾಕಿಗೂ ಒಂದೇ ಅಂಚು, ಒಂದೇ ನಡು. ನೆರೆಯ ಬ್ಲಾಕಿಗೆ ತಾಗುವುದು ಅಂಚು ಮಾತ್ರ. ಎರಡು ಬ್ಲಾಕ್ ಹೊಂದುತ್ತವೋ ಜಗಳ ಆಡುತ್ತವೋ ಅನ್ನುವುದು ನಿರ್ಧಾರ ಆಗುವುದು ಅಲ್ಲೇ.

ಏನೇನು ಬೇಕು

ಜೋಡಣೆಗೆ ಒಂದು ಗೋಡೆ ಬೇಕು. ನೆಲದ ಮೇಲೆ ಹಾಸಿದರೆ ನಿಮ್ಮ ಕಾಲ ಬುಡದ ಬ್ಲಾಕ್ ದೊಡ್ಡದಾಗಿ, ಆಚೆ ತುದಿಯದು ಸಣ್ಣದಾಗಿ ಕಾಣುತ್ತದೆ. ಮನೆಯಲ್ಲಿ ಮಕ್ಕಳೋ ಬೆಕ್ಕೋ ಇದ್ದರೆ ಹೇಳುವುದೇ ಬೇಡ. ಗೋಡೆಗೆ ಎರಡು ಮೊಳೆ ಹೊಡೆದು ತಿಳಿ ಬಣ್ಣದ ಉಣ್ಣೆಯ ಹೊದಿಕೆಯನ್ನೋ ಫ್ಲಾನೆಲ್ ಬಟ್ಟೆಯನ್ನೋ ಬಿಗಿಯಾಗಿ ಕಟ್ಟಿ. ಅದರ ನವಿರು ರೋಮಕ್ಕೆ ಹತ್ತಿ ಬಟ್ಟೆ ತಾನಾಗಿ ಅಂಟಿಕೊಳ್ಳುತ್ತದೆ. ಕರೀ ಕಂಬಳಿ ಬೇಡ. ಅಂಟುವುದೇನೋ ಚೆನ್ನಾಗಿ ಅಂಟುತ್ತದೆ, ಆದರೆ ಕಪ್ಪಿನ ಮೇಲೆ ಎಲ್ಲ ಬಣ್ಣವೂ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ, ಲೆಕ್ಕ ತಪ್ಪುತ್ತದೆ.

ಫ್ಯಾನಿನ ಮಾತನ್ನೂ ಹೇಳಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಬಳ್ಳಾರಿ, ರಾಯಚೂರಿನಲ್ಲಿ ಫ್ಯಾನ್ ಆರಿಸಿ ಕೆಲಸ ಮಾಡಿ ಅಂತ ಯಾರಿಗೂ ಹೇಳಲಾರೆ. ಒಂದೊಂದು ಬ್ಲಾಕಿಗೂ ಒಂದು ಗುಂಡುಪಿನ್ನು ಚುಚ್ಚಿ, ಸಾಕು. ಸಂಡೂರು, ತೋರಣಗಲ್ಲು ಕಡೆಯವರು ರಾತ್ರಿ ಗೋಡೆಯ ಮೇಲೆ ಒಂದು ಹಳೇ ಸೀರೆ ಇಳಿಬಿಡಿ. ಕೆಂಪು ಧೂಳು ತಿಳಿ ಬಟ್ಟೆಯ ಮೇಲೆ ಕೂತರೆ ಬಿಡುವುದು ಕಷ್ಟ.

ಉಳಿದಂತೆ ಕ್ಯಾಮೆರಾ ಇರುವ ಮೊಬೈಲ್, ಸಾಲಿನ ನಂಬರ್ ಬರೆಯಲು ಕಾಗದದ ಟೇಪ್, ಇಸ್ತ್ರಿ ಪೆಟ್ಟಿಗೆ. ಹಗಲ ಬೆಳಕು ಬರುವ ಕೋಣೆ. ಟ್ಯೂಬ್‌ಲೈಟಿನಲ್ಲಿ ಕೂಡಿಸಿದ ನೀಲಿ, ನೇರಳೆ ಬೆಳಗ್ಗೆ ಬೇರೆಯಾಗೇ ಕಾಣುತ್ತವೆ.

1. ಪೂರ್ತಿ ಷಟ್ಕೋನ ಹೊಲಿಯಬೇಡಿ, ಅರ್ಧಕ್ಕೆ ನಿಲ್ಲಿಸಿ

ಇದನ್ನು ಮೊದಲೇ ಹೇಳಬೇಕು. ಮೂರು ತ್ರಿಕೋನ ಕೂಡಿಸಿ ಒಂದು ಅರ್ಧ, ಇನ್ನು ಮೂರು ಕೂಡಿಸಿ ಇನ್ನೊಂದು ಅರ್ಧ. ಅಲ್ಲಿಗೆ ನಿಲ್ಲಿಸಿ, ಎರಡನ್ನೂ ಒಂದು ಪಿನ್ನಿನಿಂದ ಜೊತೆ ಮಾಡಿ ಇಡಿ. ಪೂರ್ತಿ ಷಟ್ಕೋನಗಳನ್ನು ಒಂದಕ್ಕೊಂದು ಕೂಡಿಸಲು ಹೋದರೆ ಪ್ರತಿ ಮೂಲೆಯಲ್ಲೂ ಮಿಷನ್ ನಿಲ್ಲಿಸಿ, ಬಟ್ಟೆ ತಿರುಗಿಸಿ ಹೊಲಿಯಬೇಕು. ಅರ್ಧರ್ಧ ಇದ್ದರೆ ಎಲ್ಲವೂ ಉದ್ದನೆಯ ನೇರ ಹೊಲಿಗೆ.

ಈಗಾಗಲೇ ಪೂರ್ತಿ ಹೊಲಿದುಬಿಟ್ಟವರು ಗಾಬರಿ ಆಗಬೇಡಿ. ನಾಲ್ಕನೇ ಹಂತದಲ್ಲಿ ಹೇಳುವ ನಕ್ಷತ್ರದ ಜೋಡಣೆ ನಿಮಗಾಗೇ ಇದೆ.

ಹೊಲಿಯುವ ಮುಂಚೆ ಇನ್ನೊಂದು ಆಯ್ಕೆ ನಿಮ್ಮ ಕೈಯಲ್ಲಿದೆ. ತ್ರಿಕೋನಕ್ಕೆ ಮೂರು ಮೂಲೆ. ಯಾವುದನ್ನು ನಡುವಿಗೆ ಇಡುತ್ತೀರೋ ಅದರ ಎದುರಿನ ಬದಿ ಹೊರ ಅಂಚಾಗುತ್ತದೆ. ಅಂದರೆ ಆರು ತ್ರಿಕೋನದ ಒಂದು ಗುಂಪಿಗೆ ಮೂರು ರೂಪ. ಎಲ್ಲರೂ ಮೂರರಲ್ಲಿ ಚಂದದ ನಡು ಯಾವುದು ಅಂತ ನೋಡಿ ಆರಿಸುತ್ತಾರೆ. ನಾನು ಹೇಳುವುದು, ಅರ್ಧದಷ್ಟು ಗುಂಪುಗಳಿಗೆ ಮಾತ್ರ ಹಾಗೆ ಮಾಡಿ. ಉಳಿದವನ್ನು ಹೊಲಿಯದೆ ಪಿನ್ ಹಾಕಿ ಇಟ್ಟಿರಿ. ಗೋಡೆಯ ಮೇಲೆ ಎಲ್ಲೋ ಒಂದು ಕಡೆ ನೀಲಿ ಅಂಚು ಬೇಕು ಅನಿಸಿದಾಗ ಆ ಗುಂಪುಗಳಲ್ಲಿ ಹುಡುಕಿದರೆ ಸಿಗುತ್ತದೆ.

ಒಂದು ಎಚ್ಚರಿಕೆ. 60 ಡಿಗ್ರಿ ತ್ರಿಕೋನದ ಒಂದು ಬದಿ ಬಟ್ಟೆಯ ನೇರ ಎಳೆಯ ಮೇಲಿರುತ್ತದೆ. ಉಳಿದ ಎರಡು ಬದಿ ಟೈಲರ್‌ಗಳು ಕ್ರಾಸ್ ಅನ್ನುತ್ತಾರಲ್ಲ, ಆ ಓರೆ ಎಳೆ. ಕ್ರಾಸ್ ಬದಿ ಎಳೆದರೆ ಹಿಗ್ಗುತ್ತದೆ. ಕೆಲವು ಬ್ಲಾಕುಗಳ ಹೊರ ಅಂಚಿಗೆ ಕ್ರಾಸ್ ಬಂದೇ ಬರುತ್ತದೆ, ತಪ್ಪಿಸಲಾಗುವುದಿಲ್ಲ. ಕತ್ತರಿಸುವ ಮುಂಚೆಯೇ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದರೆ ಅರ್ಧ ತೊಂದರೆ ಇರುವುದಿಲ್ಲ. ಹೊಲಿದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಎತ್ತಿ, ಉಜ್ಜಬೇಡಿ. ಹೊಲಿಗೆಯ ಮಾರ್ಜಿನ್ ಎರಡೂ ಕಡೆಗೆ ಬಿಚ್ಚಿ ಒತ್ತಿ. ಒಂದೇ ಕಡೆ ಮಡಚಿದರೆ ನಡುವಿನಲ್ಲಿ ಆರು ತುದಿ ಸೇರುವ ಜಾಗ ಗಂಟಾಗುತ್ತದೆ.

2. ಎಷ್ಟು ಬ್ಲಾಕ್, ಎಷ್ಟು ಅಗಲ ಅಂತ ಲೆಕ್ಕ ಹಾಕಿ

3¾ ಇಂಚಿನ ಪಟ್ಟಿ, ಕಾಲಿಂಚು ಮಾರ್ಜಿನ್. ಹೊಲಿದ ಮೇಲೆ ಷಟ್ಕೋನ ಚಪ್ಪಟೆ ಬದಿಯಿಂದ ಚಪ್ಪಟೆ ಬದಿಗೆ 6 ಇಂಚು ಉಳಿಯುತ್ತದೆ. ಮೂಲೆಯಿಂದ ಮೂಲೆಗೆ ಸುಮಾರು 7. ಚಪ್ಪಟೆ ಬದಿ ಮೇಲೆ ಕೆಳಗೆ, ಚೂಪು ಮೂಲೆ ಎಡಬಲಕ್ಕೆ ಬರುವಂತೆ ನಿಲ್ಲಿಸಿ. ಒಂದರ ಕೆಳಗೊಂದು ಇಡುತ್ತ ಹೋದರೆ ಪ್ರತಿ ಬ್ಲಾಕ್ 6 ಇಂಚು ಉದ್ದ ಕೊಡುತ್ತದೆ. ಅಡ್ಡಕ್ಕೆ ಮೂಲೆಗಳು ಒಂದರೊಳಗೊಂದು ಸೇರಿಕೊಳ್ಳುವುದರಿಂದ ಪ್ರತಿ ಕಂಬಸಾಲಿಗೆ 5.2 ಇಂಚು ಅಗಲ ಮಾತ್ರ ಸಿಗುತ್ತದೆ.

44 ಇಂಚು ಅಗಲದ ಬಟ್ಟೆ, 64 ಸೆಂ.ಮೀ. ರಿಪೀಟ್ ಇದ್ದರೆ ಹೆಚ್ಚುಕಡಿಮೆ 110 ಬ್ಲಾಕ್ ಬರುತ್ತವೆ. 10 ಕಂಬಸಾಲು, ಒಂದೊಂದರಲ್ಲಿ 11 ಅಂತ ಇಟ್ಟರೆ ಸುಮಾರು 52×66 ಇಂಚು. ಸುತ್ತ ನಾಲ್ಕಿಂಚಿನ ಬಾರ್ಡರ್ ಕೊಟ್ಟರೆ 60×74. ಸಿಂಗಲ್ ಮಂಚಕ್ಕೆ ಹಾಸಲು ಸಾಕು. ಬಾರ್ಡರ್ ಇಲ್ಲದೆ 60×90 ಬೇಕು ಅಂದರೆ 170ರ ಮೇಲೆ ಬ್ಲಾಕ್ ಬೇಕು. ಬಟ್ಟೆ ತರುವಾಗಲೇ ಇದನ್ನು ಯೋಚಿಸಿ. ಅದೇ ಪ್ರಿಂಟ್ ಮುಂದಿನ ತಿಂಗಳು ಅಂಗಡಿಯಲ್ಲಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಬಟ್ಟೆಯ ಬಗ್ಗೆ ಎರಡೇ ಮಾತು. ಕೈ ಅಚ್ಚಿನ ಬಟ್ಟೆ ಈ ಕೆಲಸಕ್ಕೆ ಒಗ್ಗುವುದಿಲ್ಲ, ಅಚ್ಚು ಕೂದಲೆಳೆಯಷ್ಟು ಸರಿದರೂ ಆರು ತ್ರಿಕೋನ ಹೊಂದುವುದಿಲ್ಲ. ಇನ್ನು, ಬಳ್ಳಾರಿಯಲ್ಲಿ ಜೀನ್ಸ್ ಚೂರು ಕೈಗೆಟಕುವಂತೆ ಸಿಗುತ್ತದೆ ಅಂತ ಅದರಲ್ಲಿ ಷಟ್ಕೋನ ಮಾಡಲು ಹೋಗಬೇಡಿ. ಆರು ತುದಿ ಸೇರುವಲ್ಲಿ ಸೂಜಿ ಮುರಿಯುತ್ತದೆ. ತೆಳು ಡೆನಿಮ್ ಇದ್ದರೆ ಬಾರ್ಡರಿಗೆ ಇಡಿ, ತುಂಬಾ ಚೆನ್ನಾಗಿ ಒಪ್ಪುತ್ತದೆ.

3. ಅಂಚು ನೋಡಿ ಗುಂಪು ಮಾಡಿ

ಎಲ್ಲ ಬ್ಲಾಕನ್ನೂ ಮಂಚದ ಮೇಲೆ ಹರಡಿ. ನಡುವಿನ ಹೂವು, ನಕ್ಷತ್ರ, ಚಕ್ರ ಎಲ್ಲ ಮರೆತುಬಿಡಿ. ಮರೆಯಲು ಆಗದಿದ್ದರೆ ನಡುವಿನ ಮೇಲೆ ಒಂದು ಬಾಟಲಿ ಮುಚ್ಚಳ ಇಟ್ಟು ನೋಡಿ. ನಗಬೇಡಿ, ಕೆಲಸ ಮಾಡುತ್ತದೆ.

ಮೊದಲು ಬಣ್ಣ ಬೇಡ. ಗಾಢ, ತಿಳಿ, ನಡುವಿನವು ಅಂತ ಮೂರು ರಾಶಿ ಮಾಡಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಬಣ್ಣ ಮಸುಕಾಗಿ ಗಾಢ ತಿಳಿ ಮಾತ್ರ ಉಳಿಯುತ್ತದೆ. ಅನುಮಾನ ಬಂದರೆ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ. ಕೆಂಪು ಮತ್ತು ಹಸಿರು ಎಷ್ಟು ಬೇರೆ ಬಣ್ಣ, ಅಲ್ವಾ? ಕಪ್ಪು ಬಿಳುಪಿನಲ್ಲಿ ಎಷ್ಟೋ ಸಲ ಎರಡೂ ಒಂದೇ ಬೂದು. ಅಂಥ ಎರಡು ಬ್ಲಾಕ್ ಪಕ್ಕಪಕ್ಕ ಇಟ್ಟರೆ ದೂರದಿಂದ ಒಂದೇ ಮುದ್ದೆಯಾಗಿ ಕಾಣುತ್ತವೆ. ಹಾಗೇ ಹಳದಿ, ಎಷ್ಟೇ ಹೊಳೆದರೂ ಅದು ತಿಳಿ ರಾಶಿಯದೇ.

ಆಮೇಲೆ ಪ್ರತಿ ರಾಶಿಯೊಳಗೆ ಬಣ್ಣದ ಪ್ರಕಾರ ಬೇರೆ ಮಾಡಿ. ಕೆಂಪು, ಕಿತ್ತಳೆ, ಹಳದಿ ಒಂದು ಕಡೆ. ನೀಲಿ, ಹಸಿರು, ನೇರಳೆ ಇನ್ನೊಂದು ಕಡೆ.

ಯಾವ ರಾಶಿಗೂ ಸೇರದ ಒಂದಷ್ಟು ಬ್ಲಾಕ್ ಉಳಿಯುತ್ತವೆ. ಅಂಚಿನಲ್ಲಿ ಎರಡು ಬಣ್ಣ, ಅರ್ಧ ಗಾಢ ಅರ್ಧ ತಿಳಿ, ನೋಡಲು ಸಪ್ಪೆ. ಎಲ್ಲರೂ ಇವನ್ನೇ ಮೊದಲು ಬಿಸಾಡುತ್ತಾರೆ. ಬಿಸಾಡಬೇಡಿ! ಇವನ್ನು ನಾನು ಸೇತುವೆ ಬ್ಲಾಕ್ ಅನ್ನುತ್ತೇನೆ. ಕೆಂಪಿನಿಂದ ನೀಲಿಗೆ ಹೋಗುವಾಗ ಕೆಂಪು ನೀಲಿ ಎರಡೂ ಇರುವ ಅಂಚು ನಡುವೆ ಬಂದರೆ ಕಣ್ಣು ಎಡವದೆ ದಾಟುತ್ತದೆ. ಮಿಂಚುವ ಬ್ಲಾಕ್ ಹತ್ತು ಕಡಿಮೆ ಇದ್ದರೂ ಕೌದಿ ಆಗುತ್ತದೆ. ಸೇತುವೆ ಬ್ಲಾಕ್ ಹತ್ತು ಕಡಿಮೆಯಾದರೆ ಆಗುವುದಿಲ್ಲ.

4. ಜೋಡಣೆ ಆರಿಸಿ

*ಹರಿವು.* ಮೊದಲ ಸಲ ಮಾಡುವವರಿಗೆ ನನ್ನ ಓಟು ಇದಕ್ಕೇ. ಗೋಡೆಯ ಒಂದು ಮೂಲೆಯಲ್ಲಿ ಅತಿ ಗಾಢ ಅಂಚಿನ ಬ್ಲಾಕ್, ಎದುರು ಮೂಲೆಯಲ್ಲಿ ಅತಿ ತಿಳಿಯದು. ನಡುವೆ ಒಂದೊಂದು ಮೆಟ್ಟಿಲಾಗಿ ಇಳಿಸುತ್ತ ಬನ್ನಿ. ಎರಡು ಅಂಚು ಸೇರುವ ಗೆರೆ ದೂರದಿಂದ ಕಾಣದಂತಾದರೆ ನೀವು ಗೆದ್ದಿರಿ. ಆಗ ಷಟ್ಕೋನಗಳು ಕರಗಿ ಇಡೀ ಬಟ್ಟೆಯೇ ಹರಿಯುತ್ತಿರುವಂತೆ ಕಾಣುತ್ತದೆ.

ಗೆರೆ ಎಳೆದಂತೆ ನೇರವಾಗಿ ಇಳಿಸಬೇಡಿ. ಗಾಢದ ಒಂದೆರಡು ಬ್ಲಾಕ್ ತಿಳಿಯ ಕಡೆಗೆ ನುಗ್ಗಲಿ, ತಿಳಿಯವು ಒಂದೆರಡು ಗಾಢದ ಒಳಗೆ ಸೇರಲಿ. ಬಣ್ಣಗಳ ಗಡಿ ತುಂಗಭದ್ರೆಯ ದಡದಂತೆ ಅಂಕುಡೊಂಕಾಗಿ ಇದ್ದರೇ ಚಂದ. ಗಡಿ ನೇರವಾದರೆ ಎರಡು ಬಟ್ಟೆ ತಂದು ಅಂಟಿಸಿದ ಹಾಗಾಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಜೋರಾಗಿ ಸುತ್ತುವ ಎರಡು ಚಕ್ರದ ಬ್ಲಾಕ್ ಅಕ್ಕಪಕ್ಕ ಬರುವುದು. ಅಂಚು ಹೊಂದಿದರೂ ನಡುಗಳು ಜಗಳ ಆಡುತ್ತವೆ. ಅವುಗಳ ನಡುವೆ ಸಪ್ಪೆ ನಡುವಿನ ಒಂದೆರಡು ಬ್ಲಾಕ್ ಇರಲಿ. ಇಡೀ ಜೋಡಣೆಯಲ್ಲಿ ನಡುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದೊಂದೇ ಕಡೆ.

*ನಡುವಿನಿಂದ ಹೊರಕ್ಕೆ.* ತಿಳಿ ಬ್ಲಾಕ್ ನಡುವೆ, ಸುತ್ತುಸುತ್ತಾಗಿ ಗಾಢ ಹೊರಗೆ. ಉಲ್ಟಾ ಮಾಡಿದರೂ ಸರಿ. ಗೋಡೆಗೆ ತೂಗು ಹಾಕುವುದಾದರೆ ಇದು ಬಹಳ ಚೆನ್ನ. ಮಂಚಕ್ಕಾದರೆ ಸ್ವಲ್ಪ ಯೋಚಿಸಿ. ತಲೆದಿಂಬು ಇಟ್ಟ ಮೇಲೆ ಮೇಲಿನ ಒಂದೂವರೆ ಅಡಿ ಕಾಣುವುದೇ ಇಲ್ಲ. ಲೆಕ್ಕದ ನಡು ಬೇರೆ, ಕಾಣುವ ನಡು ಬೇರೆ. ಕೇಂದ್ರವನ್ನು ಒಂದೆರಡು ಬ್ಲಾಕ್ ಕೆಳಕ್ಕೆ ಇಳಿಸಿ. ಇನ್ನೊಂದು ವಿಷಯ, ಸುತ್ತು ಹೊರಗೆ ಹೋದಂತೆ ಬ್ಲಾಕ್ ಜಾಸ್ತಿ ಬೇಕು. ನಡುವೆ ಒಂದು, ಮೊದಲ ಸುತ್ತಿಗೆ 6, ಎರಡಕ್ಕೆ 12, ಮೂರಕ್ಕೆ 18. ನಿಮ್ಮಲ್ಲಿ ಗಾಢ ರಾಶಿ ದೊಡ್ಡದೋ ತಿಳಿ ರಾಶಿ ದೊಡ್ಡದೋ ನೋಡಿ, ದೊಡ್ಡದನ್ನು ಹೊರಗೆ ಇಡಿ.

*ಮೂಲ ಚಿತ್ರ ನಡುವೆ ಇಟ್ಟು.* ಬಟ್ಟೆ ತರುವಾಗ ಏಳನೆಯ ರಿಪೀಟ್ ಕೂಡ ತಂದಿದ್ದರೆ, ಅದನ್ನು ಕತ್ತರಿಸದೆ ಒಂದು ಕಡೆ ಇಟ್ಟು ಅದರ ಸುತ್ತ ಷಟ್ಕೋನ ಹಬ್ಬಿಸಬಹುದು. ಚಿತ್ರದಲ್ಲಿ ಎಡಕ್ಕೆ ಕೆಂಪು ಹೂವಿದ್ದರೆ ಎಡಕ್ಕೆ ಕೆಂಪು ಅಂಚಿನ ಬ್ಲಾಕ್. ಬಲಕ್ಕೆ ಹಸಿರೆಲೆ ಇದ್ದರೆ ಹಸಿರು. ನೋಡಿದವರು ಮಾರುಹೋಗುತ್ತಾರೆ, ಆದರೆ ಚಿತ್ರದ ನೇರ ಅಂಚಿಗೆ ಷಟ್ಕೋನದ ಅಂಕುಡೊಂಕು ಕೂಡಿಸುವ ಲೆಕ್ಕ ತಾಳ್ಮೆ ಬೇಡುತ್ತದೆ. ಎರಡನೇ ಕೌದಿಗೆ ಇಟ್ಟುಕೊಳ್ಳಿ.

*ನಕ್ಷತ್ರ.* ಷಟ್ಕೋನಗಳ ನಡುವೆ ಸಾದಾ ಬಟ್ಟೆಯ ತ್ರಿಕೋನ ಸೇರಿಸುವುದು. ಈ ತ್ರಿಕೋನಕ್ಕೂ ಅದೇ 3¾ ಇಂಚಿನ ಪಟ್ಟಿ, ಅದೇ 60 ಡಿಗ್ರಿ. ಹೊಸ ಅಳತೆ ಏನೂ ಇಲ್ಲ. ಪ್ರತಿ ಷಟ್ಕೋನದ ಎದುರುಬದುರು ಎರಡು ಬದಿಗೆ ಒಂದೊಂದು ತ್ರಿಕೋನ ಹೊಲಿದರೆ ಅದು ಡೈಮಂಡ್ ಆಕಾರಕ್ಕೆ ಬರುತ್ತದೆ. ಡೈಮಂಡುಗಳನ್ನು ಸಾಲಾಗಿ ಕೂಡಿಸಿ, ಸಾಲಿಗೆ ಸಾಲು ಹೊಲಿದರೆ ಮುಗಿಯಿತು, ಎಲ್ಲವೂ ನೇರ ಹೊಲಿಗೆ. ಪೂರ್ತಿ ಷಟ್ಕೋನ ಹೊಲಿದವರಿಗೂ ಆಗುತ್ತದೆ ಅಂದೆನಲ್ಲ, ಅದಕ್ಕೇ.

ಇಲ್ಲಿ ಬ್ಲಾಕುಗಳು ಮೂಲೆಗೆ ಮೂಲೆ ಮಾತ್ರ ತಾಗುತ್ತವೆ, ಅಂಚಿಗೆ ಅಂಚು ತಾಗುವುದೇ ಇಲ್ಲ. ಹಾಗಾಗಿ ಮೂರನೇ ಹಂತದ ತಲೆನೋವು ಬಹುಪಾಲು ತಪ್ಪುತ್ತದೆ. ಒಂದೊಂದು ಬ್ಲಾಕೂ ಗದ್ದಲ ಮಾಡುವಂಥ ಪ್ರಿಂಟ್ ನಿಮ್ಮದಾದರೆ ಇದೇ ಸರಿ. ಅದೇ 110 ಬ್ಲಾಕ್ ಮೂರನೇ ಒಂದು ಭಾಗದಷ್ಟು ಜಾಸ್ತಿ ಜಾಗ ತುಂಬುತ್ತವೆ. ಸಾದಾ ತ್ರಿಕೋನ 220 ಬೇಕಾಗುತ್ತವೆ. ಸಾದಾ ಬಟ್ಟೆ ಬ್ಲಾಕುಗಳಿಗಿಂತ ಎದ್ದು ಕಾಣುವಷ್ಟು ಗಾಢವಾಗಿರಲಿ, ಇಲ್ಲವೇ ಅಷ್ಟೇ ತಿಳಿಯಾಗಿರಲಿ. ನಡುವಿನ ಬಣ್ಣ ತಂದರೆ ನಕ್ಷತ್ರ ಮುಳುಗಿಹೋಗುತ್ತದೆ. ಲಂಬಾಣಿ ಕಸೂತಿ ನೋಡಿ, ಗಾಢ ನೆಲದ ಮೇಲೆ ಕನ್ನಡಿ, ಕವಡೆ ಹೇಗೆ ಎದ್ದು ನಿಲ್ಲುತ್ತವೆ!

ಎಡವುವ ಜಾಗ: ತ್ರಿಕೋನಗಳನ್ನು ಎಲ್ಲ ಬ್ಲಾಕಿಗೂ ಒಂದೇ ಎರಡು ಬದಿಗೆ ಹೊಲಿಯಬೇಕು. ಒಂದಕ್ಕೆ ಎಡಮೇಲೆ, ಬಲಕೆಳಗೆ, ಇನ್ನೊಂದಕ್ಕೆ ಬಲಮೇಲೆ, ಎಡಕೆಳಗೆ ಆದರೆ ಡೈಮಂಡ್ ಬೇರೆ ಕಡೆ ವಾಲುತ್ತದೆ, ಸಾಲು ಕೂಡುವುದಿಲ್ಲ. ಗೋಡೆಯ ಮೇಲೆ ಇಟ್ಟು ನೋಡಿಯೇ ಹೊಲಿಯಿರಿ. ಇನ್ನು, ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಅರ್ಧ ಬ್ಲಾಕ್ ಪಕ್ಕಕ್ಕೆ ಸರಿಯುತ್ತದೆ. ಹಾಗೇ ಬಿಟ್ಟರೆ ಇಡೀ ಕೌದಿ ಓರೆಯಾಗುತ್ತದೆ. ಎರಡು ಸಾಲಿಗೊಮ್ಮೆ ಒಂದು ಡೈಮಂಡನ್ನು ಒಂದು ತುದಿಯಿಂದ ತೆಗೆದು ಇನ್ನೊಂದು ತುದಿಗೆ ಹಾಕಿ.

ಉಳಿದ ಬಗೆಗಳು ಬೇಗ ಬೇಗ. ಸಿಕ್ಕ ಹಾಗೆ ಚದುರಿಸುವುದು ಸುಲಭ ಅನಿಸುತ್ತದೆ, ಆದರೆ ಗದ್ದಲ ಅನ್ನುವ ದೂರು ಬರುವುದೇ ಅದರಿಂದ. ನನಗೆ ಇಷ್ಟವಿಲ್ಲ. ಒಂದರ ಸುತ್ತ ಆರು ಇಟ್ಟು ದೊಡ್ಡ ಹೂವು ಮಾಡುವುದು ಸಾದಾ ಷಟ್ಕೋನಕ್ಕೆ ಒಪ್ಪುತ್ತದೆ. ಕಲೈಡೋಸ್ಕೋಪ್ ಬ್ಲಾಕ್ ತಾನೇ ಒಂದು ಹೂವು, ಹೂವಿನ ಮೇಲೆ ಹೂವು ಹೇರಿದರೆ ಯಾವುದೂ ಕಾಣುವುದಿಲ್ಲ. ಉಬ್ಬಿದ ಪೆಟ್ಟಿಗೆಯಂತೆ ಕಾಣಿಸುವ ಜೋಡಣೆಯೂ ಇದೆ, ಮೂರು ನಾಲ್ಕು ಕೌದಿ ಮಾಡಿದವರು ಕೈ ಹಾಕಲಿ.

5. ಗೋಡೆಯ ಮೇಲೆ ಒಂದಷ್ಟು ದಿನ ಇರಲಿ

ಜೋಡಿಸಿದ ದಿನವೇ ಹೊಲಿಯಲು ಕೂರಬೇಡಿ. ಓಡಾಡುತ್ತ ನೋಡುತ್ತಿರಿ. ಬಾಗಿಲಲ್ಲಿ ನಿಂತು ನೋಡಿ, ಫೋಟೊ ತೆಗೆದು ತಲೆಕೆಳಗೆ ಮಾಡಿ ನೋಡಿ. ಕಣ್ಣು ಪದೇಪದೇ ಒಂದೇ ಜಾಗಕ್ಕೆ ಹೋದರೆ ಅಲ್ಲಿ ಒಂದು ಬ್ಲಾಕ್ ಹೊಂದಿಲ್ಲ ಅಂತ ಅರ್ಥ. ಅದರ ಅಂಚು ನೋಡಿ, ಅದೇ ಬಣ್ಣದ ಸೇತುವೆ ಬ್ಲಾಕ್ ತಂದು ಬದಲಿಸಿ. ಬದಲಿಸುವ ಮುಂಚೆ ಒಂದು ಫೋಟೊ ಇಟ್ಟುಕೊಳ್ಳಿ. ಹತ್ತು ಬದಲಾವಣೆ ಆದ ಮೇಲೆ ಮೊದಲಿನದೇ ಚೆನ್ನಾಗಿತ್ತು ಅನಿಸುವುದು ಮಾಮೂಲಿ.

ಎಲ್ಲ ಬ್ಲಾಕನ್ನೂ ಬಳಸಲೇಬೇಕು ಅಂತ ಹಟ ಬೇಡ. ಎಲ್ಲೂ ಕೂರದ ಎಂಟು ಹತ್ತು ಬ್ಲಾಕ್ ದಿಂಬಿನ ಕವರಿಗೆ ಆಗುತ್ತವೆ. ಇದು ನಿಮಗೆ ತುಂಬಾ ಇಷ್ಟವಾದ ಬ್ಲಾಕಿಗೂ ಅನ್ವಯ.

6. ಅಂಚುಕಟ್ಟು ಈಗಲೇ ನಿರ್ಧರಿಸಿ

ಕಂಬಸಾಲು ಒಂದು ಬಿಟ್ಟು ಒಂದು ಅರ್ಧ ಬ್ಲಾಕ್ ಕೆಳಗೆ ಸರಿದಿರುತ್ತದೆ. ಹಾಗಾಗಿ ಮೇಲೆ ಕೆಳಗೆ ಖಾಲಿ ಜಾಗ ಬರುತ್ತದೆ. ಒಂದು ಬ್ಲಾಕಿನ ಎರಡು ಅರ್ಧ ಬೇರೆ ಮಾಡಿ, ಒಂದನ್ನು ಆ ಕಂಬಸಾಲಿನ ತಲೆಗೆ, ಇನ್ನೊಂದನ್ನು ಬುಡಕ್ಕೆ ಹಾಕಿ. 10 ಕಂಬಸಾಲಿಗೆ ಇಂಥ 5 ಬ್ಲಾಕ್ ಸಾಕು. ಆದರೆ ಹರಿವಿನ ಜೋಡಣೆಯಲ್ಲಿ ತಲೆ ಗಾಢ, ಬುಡ ತಿಳಿ ಇರುತ್ತದೆ. ಒಂದೇ ಬ್ಲಾಕ್ ಎರಡೂ ಕಡೆ ಒಪ್ಪುವುದಿಲ್ಲ. ಆಗ ಮಿಕ್ಕ ಬ್ಲಾಕುಗಳ ಅರ್ಧ ಬಳಸಿ, ಹತ್ತು ಬ್ಲಾಕ್ ಖರ್ಚಾದರೂ ಪರವಾಗಿಲ್ಲ.

ಎಡಬಲದ ಹಲ್ಲುಹಲ್ಲು ಅಂಚಿಗೆ ಎರಡು ದಾರಿ. ಒಳಗಿನ ಮೂಲೆಗಳಿಂದ ಕಾಲಿಂಚು ಹೊರಗೆ ಬಿಟ್ಟು ನೇರವಾಗಿ ಕತ್ತರಿಸುವುದು ಸುಲಭ. ಹೊರ ಚೂಪುಗಳು ಹೋಗುತ್ತವೆ ಅಷ್ಟೆ. ಇಲ್ಲವೇ ಬಾರ್ಡರ್ ಬಟ್ಟೆಯಿಂದ ತುಂಡು ತುಂಬಿಸಿ ಹಲ್ಲನ್ನು ಹಾಗೇ ಉಳಿಸುವುದು. ನಾನು ಕತ್ತರಿಸುವ ಪಕ್ಷ. ಕತ್ತರಿಸುವುದು ಮಾತ್ರ ಎಲ್ಲ ಸಾಲು ಹೊಲಿದ ಮೇಲೆ.

7. ಸಾಲು ಹೊಲಿಯುವುದು

ಈಗ ಗೋಡೆಯನ್ನು ಅಡ್ಡ ಸಾಲುಗಳಾಗಿ ನೋಡಿ. ಪ್ರತಿ ಸಾಲಿನಲ್ಲಿ ಒಂದು ಬ್ಲಾಕಿನ ಮೇಲರ್ಧ, ಪಕ್ಕದ್ದರ ಕೆಳಗರ್ಧ, ಮತ್ತೆ ಮೇಲರ್ಧ, ಹೀಗೆ ಬರುತ್ತದೆ. ಒಂದು ಸಾಲಿನ ಎತ್ತರ 3 ಇಂಚು. 11 ಬ್ಲಾಕ್ ಉದ್ದಕ್ಕೆ 22 ಸಾಲು.

ಪ್ರತಿ ಸಾಲಿನ ಎಡ ತುದಿಗೆ ನಂಬರಿನ ಟೇಪ್ ಅಂಟಿಸಿ. ಎಡ ತುದಿಗೇ, ನೆನಪಿರಲಿ. ಹೊಲಿದ ಸಾಲು ತಿರುಗಿ ಕೂತರೆ ತಕ್ಷಣ ಗೊತ್ತಾಗುವುದು ಇದರಿಂದಲೇ. ಒಂದು ಸಾಲು ತೆಗೆದು, ಹೊಲಿದು, ವಾಪಸ್ ಗೋಡೆಗೆ ಹಾಕಿದ ಮೇಲೇ ಮುಂದಿನದು ತೆಗೆಯಿರಿ. ಎಲ್ಲ ಒಟ್ಟಿಗೆ ತೆಗೆದು ಮಿಷನ್ ಪಕ್ಕ ಪೇರಿಸಿದರೆ ಒಂದು ಬ್ಲಾಕಿನ ಅರ್ಧ ಇನ್ನೊಂದು ಬ್ಲಾಕಿಗೆ ಹೋಗಿ ಸೇರುತ್ತದೆ. ಒಂದೇ ಬ್ಲಾಕಿನ ಎರಡು ಅರ್ಧ ಅದಲುಬದಲಾದರೆ ಚಿಂತೆ ಇಲ್ಲ, ಎರಡೂ ಒಂದೇ ತರ.

ಸಾಲಿಗೆ ಸಾಲು ಕೂಡಿಸುವಾಗ ಪ್ರತಿ ಷಟ್ಕೋನದ ನಡುವಿಗೆ ಪಿನ್ ನೇರವಾಗಿ ಚುಚ್ಚಿ ಎರಡೂ ಸಾಲಿನ ನಡು ಹೊಂದಿದೆಯೇ ನೋಡಿ. ಮೊದಲು ಆ ಜಾಗಗಳಲ್ಲಿ ಮಾತ್ರ ಒಂದಿಂಚು ಉದ್ದ ದೊಡ್ಡ ಟಾಕಾ ಹಾಕಿ, ಬಿಚ್ಚಿ ನೋಡಿ, ಸರಿ ಇದ್ದರೆ ಪೂರ್ತಿ ಹೊಲಿಯಿರಿ. ಮೇಲಿನ 11 ಸಾಲು ಒಂದು ತುಂಡು, ಕೆಳಗಿನ 11 ಇನ್ನೊಂದು ತುಂಡು ಮಾಡಿಕೊಂಡು ಕೊನೆಗೆ ಎರಡನ್ನೂ ಕೂಡಿಸಿ. ಒಂದೇ ತುಂಡಿಗೆ ಸಾಲು ಸೇರಿಸುತ್ತ ಹೋದರೆ ಭಾರಕ್ಕೆ ಬಟ್ಟೆ ಜಗ್ಗಿ ಕ್ರಾಸ್ ಅಂಚು ಹಿಗ್ಗುತ್ತದೆ.

8. ಅಸ್ತರ್, ನಡುವಿನ ಪದರ

ನಮ್ಮ ಬಿಸಿಲಿಗೆ ದಪ್ಪ ಪದರ ಬೇಡ. ಕೌದಿಯಲ್ಲಿ ಮಾಡುವಂತೆ ಒಳಗೆ ಒಂದು ಹಳೇ ಹತ್ತಿ ಸೀರೆ ಸಾಕು. ಗಾದಿ ಹೊಲಿಯುವವರ ಹತ್ತಿರ ಹಿಂಜಿದ ಹತ್ತಿ ತಂದು ತುಂಬುವವರಿದ್ದಾರೆ. ಒತ್ತೊತ್ತಾಗಿ ಹೊಲಿಗೆ ಹಾಕದಿದ್ದರೆ ಮೊದಲ ಒಗೆತಕ್ಕೇ ಅದು ಗಂಟು ಗಂಟಾಗುತ್ತದೆ. ಸೀರೆ ತಿಳಿ ಬಣ್ಣದ್ದಿರಲಿ, ಗಾಢವಾದರೆ ಮೇಲಿನ ತಿಳಿ ಬ್ಲಾಕುಗಳಲ್ಲಿ ನೆರಳಾಗಿ ಕಾಣುತ್ತದೆ.

ಕೈ ಹೊಲಿಗೆ ಹಾಕುವಾಗ ಷಟ್ಕೋನದ ಗೆರೆ ಹಿಡಿದು ಹೋಗಬೇಡಿ. ಅಷ್ಟು ಕಷ್ಟಪಟ್ಟು ಕರಗಿಸಿದ ಅಂಚು ಮತ್ತೆ ಎದ್ದು ಕಾಣುತ್ತದೆ. ಉದ್ದಕ್ಕೆ ಅಲೆಯಲೆಯಾಗಿ, ಬಣ್ಣ ಹರಿದ ದಿಕ್ಕಿಗೇ ದಾರ ಓಡಿಸಿ. ನಕ್ಷತ್ರದ ಜೋಡಣೆಗೆ ಮಾತ್ರ ಗೆರೆ ಹಿಡಿದ ಹೊಲಿಗೆ ಒಪ್ಪುತ್ತದೆ.

ಮುಗಿದ ಮೇಲೆ ಒಮ್ಮೆ ತಣ್ಣೀರಿನಲ್ಲಿ ಒಗೆದು ಗಂಜಿ ಬಿಡಿಸಿ. ಗಂಜಿ ಉಳಿದ ಬಟ್ಟೆ ಮಡಚಿ ಟ್ರಂಕಿನಲ್ಲಿಟ್ಟರೆ ಜಿರಳೆ, ಹುಳ ಬರುತ್ತವೆ. ಬಟ್ಟೆಯಲ್ಲಿ ಕಡುಗೆಂಪು ಇದ್ದರೆ ಮೊದಲು ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುತ್ತದೋ ನೋಡಿ. ಒಣ ಹಾಕುವಾಗ ಹಿಂಡಬೇಡಿ, ಒಂದೇ ಹಗ್ಗಕ್ಕೆ ತೂಗು ಹಾಕಬೇಡಿ. ಮಾಳಿಗೆಯ ಮೇಲೆ ಚಾಪೆ ಹಾಸಿ, ಕೌದಿಯ ಒಳಮೈ ಮೇಲೆ ಬರುವಂತೆ ಹರವಿ. ಹತ್ತು ಗಂಟೆಯೊಳಗೆ ಹಾಕಿದರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ, ತಂದುಬಿಡಿ.